ಕರಿಬೇವಿನ ತೂತು ಎಲೆಗಳು

“ಕರಿಬೇವು ಎಲ್ಲಿದೆ, ಹೇಳಕ್ಕಾ. ಊರೆಲ್ಲ ಸುತ್ತಿ ಬಂದವಳು, ಹುಟ್ಟಿದ ಶಾಲೆಯ ತೋಟದಲ್ಲೇ ದಾರಿ ತಪ್ಪಿದ್ದೇನೆ. ಮೊಟ್ಟೆಯಿಡಬೇಕು,” ಎಂದು ಚಿಟ್ಟೆ ಕುಂಡದ ಕ್ರೋಟನ್ ಗಿಡವನ್ನು ಕೇಳಿತು.

“ಆ ಮೂಲೆಯಲ್ಲಿದೆ. ಎಲೆಯೆಲ್ಲ ತೂತು, ನೋಡಲು ಚೆನ್ನಾಗಿಲ್ಲ ಅಂತ ರಜೆ ಮುಗಿದ ಮೇಲೆ ಶಾಲೆಯವರು ಕೀಳುತ್ತಾರಂತೆ. ನನ್ನನ್ನು ನೋಡು, ಒಂದು ಹುಳವೂ ಮುಟ್ಟಿಲ್ಲ.”

ಕರಿಬೇವು ಮೂಲೆಯಿಂದಲೇ ಹೇಳಿತು: “ಕೀಳಲಿ. ಹುಳ ಬೇಡವೆನ್ನುವವರು ಈ ತೋಟಕ್ಕೆ ಹಾಕಿರುವ ‘ಚಿಟ್ಟೆಗಳ ತೋಟ’ ಎಂಬ ಬೋರ್ಡಿನ ಮೇಲೆ ಚಿಟ್ಟೆ ಬಿಡಿಸಿಕೊಂಡಿರಲಿ. ರಜೆ ಮುಗಿಯುವವರೆಗೆ ನನ್ನ ಎಲೆಯೆಲ್ಲ ನಿನ್ನ ಮಕ್ಕಳದು. ಬಾ, ಇಡು.”

“ನಾನೂ ನಿನ್ನನ್ನು ತಿಂದೇ ರೆಕ್ಕೆ ಪಡೆದವಳು,” ಎಂದು ಚಿಟ್ಟೆ ಮೊಟ್ಟೆಯಿಟ್ಟಿತು. ಬಳಿಕ ಕರಿಬೇವಿನ ಹೂಗಳಲ್ಲಿ ಹೊರಳಾಡಿ, ಮೈಗಂಟಿದ ಪರಾಗವನ್ನು ಗೋಡೆಯಾಚೆಯ ಇನ್ನೊಂದು ಕರಿಬೇವಿನ ಹೂಗಳಿಗೆ ಹಚ್ಚಿ ಬೀಜ ಕಟ್ಟಿಸಿ, ಶಾಲೆಯ ಗುದ್ದಲಿಗೆ ಎಟುಕದ ಕಡೆ ತನ್ನ ಋಣ ತೀರಿಸಿತು.