ಕಲ್ಲಿಗೆ ಹೊಯ್ದ ನೀರು

"ಗುರುಗಳೇ, ಪರೀಕ್ಷಿಸುವವರ ಕಣ್ಣಿಗೆ ಬೀಳದ ತಪ್ಪನ್ನು ತಪ್ಪು ಎನ್ನಬೇಕೆ?"

ಹೀಗೆ ಕೇಳಿದವನು ಮರುಳಯ್ಯ, ಮಠದ ಹಿರಿಯ ಶಿಷ್ಯ. ಅವನ ಕೈಯಲ್ಲಿ ಕಷಾಯದ ಬಟ್ಟಲಿತ್ತು. ಪ್ರತಿ ಸೋಮವಾರ ಕೆಮ್ಮಿನ ಮಕ್ಕಳಿಗೆ ಕಷಾಯ ಹಂಚುವುದು ಆ ಮಠದ ಪದ್ಧತಿ. ಎಂಟು ಪಾಲು ನೀರು ಬತ್ತಿ ಒಂದು ಪಾಲಾಗುವ ತನಕ ಕುದಿಸಬೇಕು. ಗುರುಗಳು ಒಂದು ಗುಟುಕು ಕುಡಿದು 'ಹಂಚು' ಎಂದ ಮೇಲೆಯೇ ಅದು ಮಕ್ಕಳು ಕಾಯುವ ಜಗಲಿಗೆ ಹೋಗಬೇಕು.

ಆ ದಿನ ಮರುಳಯ್ಯ ನೀರು ಅರ್ಧಕ್ಕೆ ಇಳಿದಾಗಲೇ ಒಲೆ ಆರಿಸಿದ್ದ. ಸೌದೆ ಹಸಿಯಾಗಿತ್ತು, ಬೆಳಗಿನಿಂದ ಕೂತು ಸೊಂಟ ಹಿಡಿದಿತ್ತು. ಬಣ್ಣ ಸಾಲದೆಂದು ಒಂದಿಷ್ಟು ಬೆಲ್ಲ ಸೀಯಿಸಿ ಬೆರೆಸಿದ್ದ. ನೋಡುವುದಕ್ಕೆ ಎಲ್ಲ ಸರಿಯಾಗಿತ್ತು. ಇನ್ನು ರುಚಿಯ ಮಾತು. ಗುರುಗಳ ನಾಲಿಗೆಗೆ ರುಚಿ ಹೋಗಿ ಎರಡು ವರ್ಷವಾಗಿತ್ತು. ಅದು ಮಠದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುತ್ತಿರಲಿಲ್ಲ. ಮರುಳಯ್ಯ ಇದಾವುದನ್ನೂ ಬಾಯಿ ಬಿಡದೆ, ಶಾಸ್ತ್ರದ ಸಂದೇಹ ಎಂಬ ಹಾಗೆ ಪ್ರಶ್ನೆಯನ್ನಷ್ಟೇ ಕೇಳಿದ. ಮೈಗಳ್ಳತನಕ್ಕೆ ಶಾಸ್ತ್ರದ ಅಂಗಿ ತೊಡಿಸುವುದು ಓದಿದವರಿಗೆ ಸುಲಭ.

ಗುರುಗಳು ಬಟ್ಟಲನ್ನು ಪಕ್ಕಕ್ಕೆ ಇಡಲು ಹೇಳಿ ಕತೆ ಶುರು ಮಾಡಿದರು.

ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಮನೆಯ ಬಚ್ಚಲು ಹಳೆಯದು. ಸೌದೆ ಉರಿಸಿ ಹಂಡೆ ಕಾಯಿಸಬೇಕು. ಮಗಳಿಗೆ ಚಿಕ್ಕಂದಿನಿಂದ ಉಬ್ಬಸ, ಹೊಗೆ ಆಗದು. ಬಾಣಂತಿಗೂ ಕೂಸಿಗೂ ತಿಂಗಳುಗಟ್ಟಲೆ ದಿನವೂ ಬಿಸಿನೀರು ಎರೆಯಬೇಕಲ್ಲ. ಅದಕ್ಕಾಗಿ ವ್ಯಾಪಾರಿ ಹೊಸ ಬಚ್ಚಲು ಕಟ್ಟಿಸಿದ. ಕರೆಂಟಿನಲ್ಲಿ ನೀರು ಕಾಯಿಸುವ ಗೀಜರು ತಂದು ಕೂರಿಸಿದ. ಮನೆಗೆಲ್ಲ ಹೊಸ ತಂತಿ ಎಳೆಸಿದ.

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಹೇಗಿದ್ದರೂ ಕೈ ಹಾಕಿದ್ದಾಯಿತು ಎಂದು ಅವನು ಅಂಗಳಕ್ಕೂ ಕಲ್ಲು ಹಾಸಿಸಿದ. ಒಂದೊಂದು ಕಲ್ಲನ್ನೂ ತಾನೇ ನಿಂತು ಆರಿಸಿದ್ದ. ಎರಡು ಕಲ್ಲಿನ ನಡುವೆ ಉಗುರು ತೂರದಂತೆ ಕೂಡಿಸಿದ್ದರು. ಬೆಳಗ್ಗೆ ಎದ್ದು ಅದರ ಮೇಲೆ ಬರಿಗಾಲಲ್ಲಿ ಓಡಾಡುವುದೇ ಅವನಿಗೆ ಒಂದು ಸುಖವಾಗಿತ್ತು.

ಕಲ್ಲು ಹಾಸಿ ಮುಗಿದ ಮೇಲೆ ವೈರಿಂಗಿನವನು ತಲೆ ಕೆರೆದುಕೊಂಡು ಬಂದು ನಿಂತ. ಅವನು ಅರ್ಥಿಂಗ್ ಗುಂಡಿ ತೋಡುವುದನ್ನೇ ಮರೆತಿದ್ದ. ನೆಲದಲ್ಲಿ ಆಳವಾದ ಗುಂಡಿ ತೋಡಿ, ಕೊಳವೆ ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ, ಮನೆಯ ಒಂದು ತಂತಿಯನ್ನು ಅದಕ್ಕೆ ಕೂಡಿಸಬೇಕು. ಗೀಜರಿನ ಮೈಗೆ ಕರೆಂಟು ಸೋರಿದರೆ ಆ ತಂತಿ ಅದನ್ನು ನೆಲಕ್ಕೆ ಇಳಿಸುತ್ತದೆ. ಮುಟ್ಟಿದವರ ಜೀವ ಉಳಿಯುತ್ತದೆ. ಗುಂಡಿಗೆ ಅಂಗಳದ ನಡುವೆ ಬಿಟ್ಟರೆ ಬೇರೆಲ್ಲೂ ಜಾಗವಿರಲಿಲ್ಲ. ಅಲ್ಲಿ ತೋಡಬೇಕೆಂದರೆ ಕಲ್ಲು ಒಡೆಯಬೇಕು. ವ್ಯಾಪಾರಿ ಖಂಡಿತ ಆಗದು ಎಂದ. ಕರೆಂಟು ಕಚೇರಿಯ ಪರೀಕ್ಷಕರು ಬಂದು ನೋಡಿ ಸಹಿ ಹಾಕದೆ ಹೊಸ ವೈರಿಂಗಿಗೆ ಒಪ್ಪಿಗೆ ಸಿಗುವುದಿಲ್ಲ ಎಂದು ವೈರಿಂಗಿನವನು ನೆನಪಿಸಿದ.

ಆಮೇಲೆ ವೈರಿಂಗಿನವನು ಒಂದು ದಾರಿ ಹೇಳಿದ. ಪರೀಕ್ಷಕರು ಎರಡು ತಂತಿಯ ಒಂದು ಬಲ್ಬು ತರುತ್ತಾರೆ. ಪ್ಲಗ್ಗು ಚುಚ್ಚುವ ಜಾಗದಲ್ಲಿ ಒಂದು ತಂತಿಯನ್ನು ಕರೆಂಟು ಬರುವ ತೂತಿಗೂ ಇನ್ನೊಂದನ್ನು ಗುಂಡಿಯ ತಂತಿ ಸೇರುವ ಮೇಲಿನ ದೊಡ್ಡ ತೂತಿಗೂ ಚುಚ್ಚುತ್ತಾರೆ. ಬಲ್ಬು ಉರಿದರೆ ಗುಂಡಿ ಸರಿಯಿದೆ ಎಂದು ಲೆಕ್ಕ. ಆದರೆ ಕರೆಂಟು ವಾಪಸು ಹೋಗುವ ತಂತಿಗೂ ಆ ದೊಡ್ಡ ತೂತಿಗೂ ಒಳಗಡೆ ಬೆರಳುದ್ದದ ತುಂಡು ತಂತಿ ಕಟ್ಟಿಬಿಟ್ಟರೆ, ಗುಂಡಿ ಇಲ್ಲದೆಯೂ ಬಲ್ಬು ಉರಿಯುತ್ತದೆ. ಅದರಿಂದ ಏನೂ ತೊಂದರೆ ಇಲ್ಲವೇ ಎಂದು ವ್ಯಾಪಾರಿ ಕೇಳಿದ.

"ಆ ವಾಪಸ್ ಹೋಗೋ ತಂತಿ ಸಡಿಲ ಆಗೋ ತನಕ ಏನೂ ಇಲ್ಲ, ಸಾವ್ಕಾರ್ರೇ. ಸಡಿಲ ಆದ್ರೆ ಗೀಜರ್ ಮೈಯೆಲ್ಲಾ ಕರೆಂಟು. ಆದ್ರೆ ನಾನು ಬಿಗಿಯಾಗಿ ಕಟ್ತೀನಿ."

ಮೂರು ಮಾತಿನಲ್ಲಿ ಕೊನೆಯದು ಮಾತ್ರ ವ್ಯಾಪಾರಿಯ ಕಿವಿಗೆ ಹಿತವಾಗಿತ್ತು. ಅವನು ಅದನ್ನೇ ಹಿಡಿದುಕೊಂಡ.

ಪರೀಕ್ಷಕರು ಬರುವ ದಿನ ಮನೆಯಲ್ಲಿ ಕೇಸರಿಬಾತು, ಉಪ್ಪಿಟ್ಟು ಆಯಿತು. ಹೆಣ್ಣು ನೋಡಲು ಬರುವವರಿಗೂ ಅಷ್ಟು ಉಪಚಾರ ನಡೆಯುವುದಿಲ್ಲ. ಬಂದವರು ವಯಸ್ಸಾದ ಮನುಷ್ಯ. ತಿಂಡಿ ಮುಟ್ಟಲಿಲ್ಲ, ಒಂದು ಲೋಟ ನೀರು ಕುಡಿದರು. ಬಲ್ಬು ಹಿಡಿದು ಕೋಣೆ ಕೋಣೆ ತಿರುಗಿದರು. ಎಲ್ಲ ಕಡೆಯೂ ಅದು ಚೆನ್ನಾಗಿಯೇ ಉರಿಯಿತು. ಅಂಗಳಕ್ಕೆ ಬಂದು, ಗುಂಡಿ ಎಲ್ಲಿದೆ ಎಂದು ಕೇಳಿದರು. ವ್ಯಾಪಾರಿ ನಡುವಿನ ಕಲ್ಲನ್ನು ತೋರಿಸಿ, ಇದರ ಕೆಳಗೇ ಇದೆ ಎಂದ. ಅವರು ಕಲ್ಲನ್ನು ನೋಡಿದರು, ವ್ಯಾಪಾರಿಯನ್ನೂ ನೋಡಿದರು.

"ಸರಿ. ನೀವು ಹೇಳಿದ್ದನ್ನೇ ಬರ್ಕೊಂಡಿದೀನಿ" ಎಂದು ಸಹಿ ಹಾಕಿ ಕಾಗದ ಕೊಟ್ಟರು.

ಹೋಗುವಾಗ ಹೊಸ್ತಿಲಲ್ಲಿ ನಿಂತಿದ್ದ ವ್ಯಾಪಾರಿಯ ಹೆಂಡತಿಗೆ ಒಂದು ಮಾತು ಹೇಳಿದರು. ಮಣ್ಣು ಒಣಗಿದರೆ ಗುಂಡಿ ಕೆಲಸ ಮಾಡುವುದಿಲ್ಲ, ವಾರಕ್ಕೆ ಒಂದು ಕೊಡ ನೀರು ಹೊಯ್ಯಬೇಕು ಎಂದರು. ಎಲ್ಲರಿಗೂ ಹೇಳುವ ಮಾತು ಅದು.

ಹೆಂಡತಿ ಅದನ್ನು ವ್ರತದ ಹಾಗೆ ಹಿಡಿದಳು. ಪ್ರತಿ ಶುಕ್ರವಾರ ಸ್ನಾನ ಮಾಡಿ ಒಂದು ಕೊಡ ನೀರು ತಂದು ಆ ಕಲ್ಲಿನ ಮೇಲೆ ಹೊಯ್ಯುವಳು. ಮಗಳ ಜೀವ ಕಾಯುವ ಜಾಗವಲ್ಲವೇ ಎಂದು ಅದಕ್ಕೆ ಅರಿಸಿನ ಕುಂಕುಮವನ್ನೂ ಇಟ್ಟಳು. ಮೊದಲ ಶುಕ್ರವಾರ ವ್ಯಾಪಾರಿ ಒಳಗೊಳಗೇ ನಕ್ಕ. ಎರಡನೆಯ ಶುಕ್ರವಾರ ಆ ಕಡೆ ನೋಡಲಿಲ್ಲ. ಮೂರನೆಯದರಿಂದ ಶುಕ್ರವಾರಗಳಂದು ಬೇಗ ಅಂಗಡಿಗೆ ಹೊರಡತೊಡಗಿದ. ಹೊಸ ಬಚ್ಚಲಿನಲ್ಲಿ ಬಾಣಂತಿಯೇ ಮೊದಲು ಮೀಯಲಿ ಎಂದು ಹೇಳಿ ಬಾಗಿಲಿಗೆ ಬೀಗ ಹಾಕಿದ. ಎಂಥ ಪ್ರೀತಿಯ ಅಪ್ಪ ಎಂದು ಬಂಧುಗಳು ಹೊಗಳಿದರು. ಆ ಬೀಗ ಪ್ರೀತಿಯದೋ ಹೆದರಿಕೆಯದೋ, ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮಗಳಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ಮನೆಗೆ ಬಂದರು. ಹನ್ನೊಂದನೆಯ ದಿನ ನೀರೆರೆಯಲು ಗೊತ್ತು ಮಾಡಿದ ಮುದುಕಿ ಎಣ್ಣೆ ಬಟ್ಟಲು ಹಿಡಿದು ಬಂದಳು. ವ್ಯಾಪಾರಿಯೇ ಬೀಗ ತೆಗೆದ. ಮಗಳು ಕೂಸನ್ನು ಅವನ ಕೈಗೆ ಕೊಟ್ಟು ಬಾಗಿಲಲ್ಲಿ ಅನುಮಾನದಿಂದ ನಿಂತಳು. ಕರೆಂಟಿನ ನೀರು ಅವಳಿಗೆ ಹೊಸದು. ಅಷ್ಟರಲ್ಲಿ ತಾಯಿ ಖಾಲಿ ಕೊಡ ಹಿಡಿದು ಅಂಗಳದಿಂದ ಬಂದಳು.

"ಗುಂಡಿಗೆ ಈಗಷ್ಟೇ ನೀರು ಹಾಕಿದೀನಿ ಕಣವ್ವ. ಏನೂ ಆಗಲ್ಲ, ಹೋಗು."

ಮಗಳು ಒಳಗೆ ಕಾಲಿಟ್ಟಳು. ಮುದುಕಿ ಒದ್ದೆ ಕೈಯಲ್ಲೇ ಸ್ವಿಚ್ಚಿನ ಕಡೆ ಹೋದಳು. ವ್ಯಾಪಾರಿ ಬೇಡ ಎಂದು ಕೂಗಿದ ಸದ್ದಿಗೆ ಕೂಸು ಬೆಚ್ಚಿ ಅಳತೊಡಗಿತು. ಕೂಸನ್ನು ಮಗಳ ಕೈಗೆ ಕೊಟ್ಟವನೇ ಹೋಗಿ ಮನೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಆ ದಿನದ ನೀರನ್ನು ಪಕ್ಕದ ಮನೆಯಲ್ಲಿ ಕಾಯಿಸಿ ತಂದರು. ವ್ಯಾಪಾರಿ ಹಿತ್ತಿಲಿನಿಂದ ಹಾರೆ ತಂದು, ಅರಿಸಿನ ಕುಂಕುಮ ಇಟ್ಟಿದ್ದ ಆ ಕಲ್ಲಿಗೇ ಹಾಕಿದ. ನಾಲ್ಕನೆಯ ಏಟಿಗೆ ಅದು ಮೂರು ಹೋಳಾಯಿತು.

ಹೆಂಡತಿ ಓಡಿ ಬಂದು ನೋಡಿದಳು. ಹೋಳುಗಳ ಕೆಳಗೆ ಕೊಳವೆಯಿಲ್ಲ, ಇದ್ದಿಲಿಲ್ಲ, ಬರೀ ಮಣ್ಣು. ಅದೂ ಒಣಗಿದ ಮಣ್ಣು. ಇಷ್ಟು ದಿನ ಹೊಯ್ದ ನೀರು ಕಲ್ಲಿನ ಮೇಲೇ ಜಾರಿ ಚರಂಡಿಗೆ ಹೋಗಿತ್ತು.

"ಹಂಗಾದ್ರೆ ನಾನು ನೀರು ಹಾಕಿದ್ದು ಏತಕ್ಕೆ?" ಎಂದು ಕೇಳಿದಳು.

ಸಹಿ ಹಾಕಿಸಿಕೊಂಡ ದಿನ ಆಗದ ನಾಚಿಕೆ ಅವನಿಗೆ ಆಗ ಆಯಿತು. ಪರೀಕ್ಷಕರಿಗೆ ಹೇಳಿದ ಸುಳ್ಳನ್ನು ನಂಬಿ ಅವರು ಹೊರಟು ಹೋಗಿದ್ದರು. ಇವಳು ಅದನ್ನೇ ನಂಬಿ ಮಗಳನ್ನು ಒಳಗೆ ಕಳಿಸಿದ್ದಳು.

ಮರುದಿನ ಅವನು ಪರೀಕ್ಷಕರ ಕಚೇರಿಗೆ ಹೋಗಿ ಆ ಕಾಗದವನ್ನು ಅವರ ಮೇಜಿನ ಮೇಲೆ ಇಟ್ಟ. ಆಗಲೇ ಸಹಿಯಾಗಿದೆಯಲ್ಲ, ಇನ್ನು ಯಾರೂ ನಿಮ್ಮನ್ನು ಕೇಳುವುದಿಲ್ಲ ಎಂದರು ಅವರು.

"ಗುಂಡಿ ಈಗ ತೋಡಿಸ್ತಿದೀನಿ ಸಾರ್. ಮುಚ್ಚೋಕೆ ಮುಂಚೆ ಒಂದ್ಸಲ ಬಂದು ನೋಡಿ" ಎಂದ ವ್ಯಾಪಾರಿ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಗುಂಡಿ ಇಲ್ಲವೆಂದು ಆ ಪರೀಕ್ಷಕರಿಗೆ ಮೊದಲ ದಿನವೇ ಗೊತ್ತಿತ್ತೇ ಎಂದು ಮರುಳಯ್ಯ ಮೆಲ್ಲಗೆ ಕೇಳಿದ. ಗುರುಗಳು ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡರು. ಹೊರಗೆ ಜಗಲಿಯ ಮೇಲೆ ತಾಯಂದಿರು ಕಾಯುತ್ತ ಕೂತಿದ್ದರು, ಯಾವುದೋ ಮಗು ಬಿಡದೆ ಕೆಮ್ಮುತ್ತಿತ್ತು. ಗುರುಗಳು ಬಟ್ಟಲನ್ನು ತುಟಿಗೆ ಮುಟ್ಟಿಸಲಿಲ್ಲ. ಇದ್ದ ಹಾಗೆಯೇ ಮರುಳಯ್ಯನ ಕೈಗೆ ಹಿಂದಿರುಗಿಸಿದರು.

"ಚೆನ್ನಾಗಿ ಕುದಿದಿದೆ, ಹೋಗಿ ಹಂಚು."

ಮರುಳಯ್ಯ ಬಟ್ಟಲು ಹಿಡಿದು ನಿಂತೇ ಇದ್ದ.