ಎರಡು ಹಳದಿ ಗೂಡು

“ಸೊನ್ನೆ ಬಂದ ಮೇಲೆ ಇನ್ನೇನು ನೋಡುವುದಿರುತ್ತದೆ, ಸರ್?” ಎಂದು ಭಾರ್ಗವಿ ಕೇಳಿದಳು.

ಕೇಳಿದ್ದು ಪ್ರಶ್ನೆಯಾದರೂ ಅವಳಿಗೆ ಬೇಕಾಗಿದ್ದದ್ದು ರುಜು. ನಾಲ್ಕು ಗಂಟೆಯೊಳಗೆ ಗುರುಗಳು ರುಜು ಹಾಕಿದರೆ ಅವಳ ಇಪ್ಪತ್ತೊಂದು ಅಕ್ಷರ ತಯಾರಿಕೆಗೆ ಹೋಗುತ್ತಿತ್ತು. ತಪ್ಪಿದರೆ ಮುಂದಿನ ಸರದಿ ಮೂರು ತಿಂಗಳ ಮೇಲೆ.

ಟೊಮೆಟೊ ಗಿಡದ ರಸ ಹೀರುವ ಬಿಳಿ ನೊಣವನ್ನು ತಡೆಯಲು ಅವಳು ಇಪ್ಪತ್ತೊಂದು ಅಕ್ಷರದ ಒಂದು ಆರ್‌ಎನ್‌ಎ ತುಣುಕನ್ನು ರೂಪಿಸಿದ್ದಳು. ಕೆಲಸ ಮಾಡಲು ಕಷ್ಟ, ಹೇಳಲು ಸುಲಭ. ಜೀವಕೋಶದಲ್ಲಿ ಜೀನ್ ಎಂಬುದು ಕೂತಲ್ಲಿಂದಲೇ ಸಂದೇಶ ಕಳಿಸುತ್ತದೆ, ಹೀಗೆ ಮಾಡು ಎಂದು. ಆ ಸಂದೇಶಕ್ಕೆ ಅಕ್ಷರಕ್ಕೆ ಅಕ್ಷರ ಜೋಡಿಯಾಗುವ ತುಣುಕನ್ನು ಒಳಗೆ ಬಿಟ್ಟರೆ ಸಂದೇಶ ದಾರಿಯಲ್ಲೇ ಕತ್ತರಿಸಿಹೋಗುತ್ತದೆ. ಜೀನ್ ಇದ್ದಲ್ಲೇ ಇರುತ್ತದೆ. ಅದರ ಮಾತು ಯಾರಿಗೂ ಮುಟ್ಟುವುದಿಲ್ಲ. ಯಾವ ಇಪ್ಪತ್ತೊಂದು ಅಕ್ಷರ ಎಂದು ಆರಿಸಿಕೊಡುವುದು ಸಾಫ್ಟ್‌ವೇರ್. ಅದೇ ಅಕ್ಷರಗಳು ಬೇರೆ ಜೀವಿಗಳಲ್ಲಿ ಎಲ್ಲಿಯಾದರೂ ಕೂಡಿ, ಮುಚ್ಚಬಾರದ ಬಾಯನ್ನು ಮುಚ್ಚಿಸುತ್ತವೆಯೇ ಎಂದು ಹುಡುಕಿ ಹೇಳುವುದೂ ಅದೇ. ಭಾರ್ಗವಿ ಜೇನುಹುಳ, ಹಸು, ಮನುಷ್ಯ ಎಂದು ಹನ್ನೊಂದು ಹೆಸರು ಕೊಟ್ಟಿದ್ದಳು. ಹನ್ನೊಂದರ ಮುಂದೆಯೂ ಸೊನ್ನೆ ಬಂದಿತ್ತು, ಎಲ್ಲಿಯೂ ಕೂಡುವುದಿಲ್ಲ ಎಂದು.

ಗುರುಗಳು ಪೆನ್ನು ಮುಟ್ಟಲಿಲ್ಲ.

“ಕೂತುಕೋ. ಒಂದು ಕತೆ ಇದೆ.”

ಭಾರ್ಗವಿಗೆ ಜೀವ ಹೋದಂತಾಯಿತು. ಗುರುಗಳ ಕತೆ ಎಂದರೆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತು. ಒಂದೇ ಕತೆಯನ್ನು ಎರಡು ಸಲ ಒಂದೇ ಥರ ಹೇಳಿದವರಲ್ಲ. ಅವರ ಮೇಜಿನ ಮೇಲೆ ಎರಡು ಹಳದಿ ರೇಷ್ಮೆಗೂಡು ಇದ್ದವು. ಅವು ಏನು ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ. ತಪಾಸಣೆಗೆ ಬಂದ ಅಧಿಕಾರಿಗೆ, ಅಳಿದುಹೋದ ಹಕ್ಕಿಯ ಮೊಟ್ಟೆ ಎಂದಿದ್ದರು. ಆತ ಭಕ್ತಿಯಿಂದ ಫೋಟೊ ತೆಗೆದುಕೊಂಡು ಹೋಗಿದ್ದ. ಭಾರ್ಗವಿ ಸೇರಿದ ದಿನ, ತಾವು ಕೂಸಾಗಿದ್ದಾಗಿನ ಗಿಲಕಿ ಎಂದು ಅಲ್ಲಾಡಿಸಿ ತೋರಿಸಿದ್ದರು. ಒಳಗಿಂದ ಕಟಕಟ ಎಂದಿತ್ತು. ಅವಳು ಒಂದು ವಾರ ನಂಬಿದ್ದಳು.

ಗಡಿಯಾರದಲ್ಲಿ ಎರಡೂವರೆ ಆಗಿತ್ತು.

“ಸಣ್ಣ ಕತೆ ತಾನೇ ಸರ್?”

“ಕತೆ ಸಣ್ಣದು. ಹೇಳುವವನು ಸ್ವಲ್ಪ ದಪ್ಪ,” ಎಂದು ಗುರುಗಳು ಹೊಟ್ಟೆ ಸವರಿಕೊಂಡು ಶುರುಮಾಡಿದರು.

ಒಬ್ಬ ವಿನ್ಯಾಸಕಾರನಿದ್ದ. ನಿನ್ನ ಹಾಗೆಯೇ ಅಕ್ಷರ ಜೋಡಿಸುವವನು. ತಾನು ಬುದ್ಧಿವಂತ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಲೆಗೂದಲು ಮಾತ್ರ ನನಗಿಂತ ಹೆಚ್ಚಿತ್ತು.

ಒಬ್ಬ ರೈತ ಹೆಂಗಸು ಇದ್ದಳು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವವಳು. ಒಂದು ವರ್ಷ ಅವಳ ತೋಟಕ್ಕೆ ಹಿಟ್ಟು ತಿಗಣೆ ಬಿತ್ತು. ಎಲೆಯೆಲ್ಲ ಮುದುರಿ ಗಂಟುಗಟ್ಟಿತು. ವಿಷ ಹೊಡೆದರೆ ತಿಗಣೆ ಸಾಯುತ್ತದೆ. ಆ ಎಲೆ ತಿಂದ ಹುಳವೂ ಸಾಯುತ್ತದೆ. ಏನು ಮಾಡುವುದೆಂದು ತೋಚದೆ ಅವಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ವಿನ್ಯಾಸಕಾರ ಹೋದ.

“ಅಮ್ಮ, ನನ್ನದು ವಿಷವಲ್ಲ,” ಎಂದ. “ತಿಗಣೆಯೊಳಗೆ ಒಂದೇ ಒಂದು ಜೀನಿನ ಬಾಯಿ ಮುಚ್ಚಿಸುತ್ತೇನೆ. ಹುಳಕ್ಕೆ ಗೊತ್ತೂ ಆಗುವುದಿಲ್ಲ.”

“ಯಾವ ಹುಳ ಅಂತ ನೀವು ಕೇಳ್ನೇ ಇಲ್ವಲ್ಲ ಸಾಮಿ.”

“ರೇಷ್ಮೆ ಹುಳ ತಾನೇ?”

“ನಂದು ಹಳದಿ,” ಎಂದಳು ಆಕೆ.

ಸುತ್ತಲಿನವರೆಲ್ಲ ಆಗಲೇ ಬಿಳಿ ಗೂಡಿನ ತಳಿಗೆ ಹೋಗಿದ್ದರು. ಬಿಳಿಯದರಲ್ಲಿ ನೂಲು ಹೆಚ್ಚು. ಈಕೆ ಮಾತ್ರ ಹಳದಿಯನ್ನು ಬಿಟ್ಟಿರಲಿಲ್ಲ. ಅತ್ತೆಯ ಅತ್ತೆಯ ಕಾಲದಿಂದ ಬಂದ ಬೀಜ. ಬೇರೆಯವರು ಮೊಟ್ಟೆ ಕೊಂಡು ತರುತ್ತಿದ್ದರು. ಈಕೆ ಪ್ರತಿ ಬೆಳೆಯಲ್ಲೂ ಗಟ್ಟಿ ಗೂಡುಗಳನ್ನು ತಾನೇ ಆರಿಸಿ ಬೀಜಕ್ಕೆ ಇಡುತ್ತಿದ್ದಳು. ಆ ಮೊಟ್ಟೆ ಇಟ್ಟಲ್ಲಿ ಇರುವುದಿಲ್ಲ. ಹತ್ತನೆಯ ದಿನಕ್ಕೆ ಒಡೆದು ಮರಿಯಾಗುತ್ತದೆ, ಸೊಪ್ಪು ಕೇಳುತ್ತದೆ. ಹಾಗಾಗಿ ಒಂದು ಬೆಳೆ ಪೂರಾ ಹೋಯಿತೆಂದರೆ ಬೀಜವೂ ಅದರೊಂದಿಗೆ ಹೋಯಿತು.

ಆಕೆ ಬುಟ್ಟಿ ಇಳಿಸಿದಳು. ಒಂದೊಂದೇ ಗೂಡನ್ನು ಅಂಗೈಯಲ್ಲಿ ತೂಗಿ ನೋಡಿ ಎರಡನ್ನು ಎತ್ತಿಕೊಂಡಳು.

“ಭಾರ ಇರೋದು ಹೆಣ್ಣು, ಇದು ಗಂಡು. ಚಿಟ್ಟೆ ಬರ್ತವೆ, ಮೊಟ್ಟೆ ಇಡ್ತವೆ. ಮರಿ ಆದ್ಮೇಲೆ ಅರ್ಧಕ್ಕೆ ನಿಮ್ಮ ಔಷಧಿ ಹೊಡ್ದಿರೋ ಸೊಪ್ಪು ಹಾಕಿ. ಇನ್ನರ್ಧಕ್ಕೆ ಬರೀ ಸೊಪ್ಪು ಹಾಕಿ. ಎರಡೂ ಕಡೆಯವು ಗೂಡು ಕಟ್ಟಿದ್ರೆ ನನ್ನ ತೋಟಕ್ಕೆ ಬನ್ನಿ. ಬಾಗ್ಲು ತೆಗ್ದೇ ಇರ್ತದೆ.”

ಪ್ರಯೋಗ ಹೀಗೆ ಮಾಡಬೇಕೆಂದು ನಾವು ವರ್ಷಗಟ್ಟಲೆ ಓದಿ ಕಲಿಯುತ್ತೇವೆ. ಆಕೆ ಬುಟ್ಟಿಯ ಕಸ ಆರಿಸುತ್ತ ಹೇಳಿದಳು. ವಿನ್ಯಾಸಕಾರ ನಕ್ಕು ಎರಡನ್ನೂ ಜೇಬಿಗೆ ಹಾಕಿಕೊಂಡ.

ಸಾಫ್ಟ್‌ವೇರಿನ ಪಟ್ಟಿಯಲ್ಲಿ ರೇಷ್ಮೆ ಹುಳ ಎಂದು ಒಂದೇ ಹೆಸರಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದರ ಅಕ್ಷರಗಳನ್ನು ಬಿಳಿ ತಳಿಯ ಹುಳದಿಂದ ಓದಿದ್ದು ಎಂದು ಬರೆದಿತ್ತು. ಅವನು ಅದನ್ನು ಓದದೆ ಇರಲಿಲ್ಲ. ಓದಿದ. ಬಿಳಿ ಅಂಗಿ ಹಾಕಿದ ಮನುಷ್ಯನೂ ಹಳದಿ ಅಂಗಿ ಹಾಕಿದ ಮನುಷ್ಯನೂ ಒಳಗೆ ಒಂದೇ ಅಲ್ಲವೇ ಎಂದುಕೊಂಡ. ಗುರುತು ಹಾಕಿ ಒತ್ತಿದ. ಕಾಫಿ ಕುಡಿದು ಬರುವುದರೊಳಗೆ ಹಸಿರು ಬಣ್ಣದ ಸೊನ್ನೆ ಬಂದಿತ್ತು. ಆಕೆ ಹೇಳಿದ ಹಾಗೆ ಮರಿ ಮಾಡಿ, ಸಾಕಿ, ಅವು ಗೂಡು ಕಟ್ಟುವವರೆಗೆ ಕಾಯಲು ಒಂದೂವರೆ ತಿಂಗಳು ಬೇಕಿತ್ತು.

ಗೂಡು ಎರಡೂ ಮೇಜಿನ ಮೇಲಿದ್ದವು. ಬಂಗಾರದ ಹಾಗೆ ಹೊಳೆಯುತ್ತಿದ್ದವು. ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗುತ್ತದೆ, ಕಲೆಯಾಗುತ್ತದೆ. ಇಷ್ಟು ಚೆಂದದ ವಸ್ತು ಹಾಳಾಗಬಾರದೆಂದು ಅವನು ಅವನ್ನು ಒಣಗಿಸುವ ಪೆಟ್ಟಿಗೆಯ ಬಿಸಿಯಲ್ಲಿ ಒಂದು ಬೆಳಿಗ್ಗೆ ಇಟ್ಟ. ಗೂಡು ಹಾಗೇ ಉಳಿಯಿತು. ಒಳಗಿದ್ದ ಜೀವ ಒಣಗಿ ಕಾಳಾಯಿತು.

“ಸರ್,” ಎಂದಳು ಭಾರ್ಗವಿ, ಮೇಜಿನ ಕಡೆ ಓರೆಗಣ್ಣಿನಲ್ಲಿ ನೋಡಿ. “ಆ ವಿನ್ಯಾಸಕಾರ ನೀವೇನಾ?”

“ಛೆ ಛೆ. ಈ ಕತೆಯಲ್ಲಿ ನಾನು ತಿಗಣೆ.”

ಅವಳಿಗೆ ನಗು ಬಂತು. ಗಡಿಯಾರ ಮೂರು ದಾಟಿತ್ತು. ಇನ್ನೂ ಸಮಯವಿದೆ ಎಂದುಕೊಂಡಳು. ಈ ಗೂಡುಗಳಿಗೆ ಇದು ಎಷ್ಟನೆಯ ಕತೆಯೋ ಎಂದೂ ಅನ್ನಿಸಿತು.

ಎರಡು ತಿಂಗಳಾದ ಮೇಲೆ ವಿನ್ಯಾಸಕಾರ ಕ್ಯಾನು ತುಂಬಿಸಿಕೊಂಡು ತೋಟಕ್ಕೆ ಹೋದ. ಆಕೆ ದಾರಿಗೆ ಅಡ್ಡ ನಿಂತಳು.

“ಹುಳಕ್ಕೆ ತಿನ್ಸಿ ನೋಡಿದ್ರಾ?”

ಆಕೆ ಏನು ಕೇಳುತ್ತಿದ್ದಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ನೋಡಿಯಾಯಿತಮ್ಮ. ಏನೂ ಆಗಲಿಲ್ಲ, ಚೆನ್ನಾಗಿ ಗೂಡು ಕಟ್ಟಿದವು,” ಎಂದ.

ಆಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಇಲ್ಲಿಯವರೆಗೆ ಗುರುಗಳ ದನಿಯಲ್ಲಿ ತಮಾಷೆ ಇತ್ತು. ಇಲ್ಲಿಂದ ಮುಂದೆ ಇರಲಿಲ್ಲ.

ಔಷಧಿ ಕೆಲಸ ಮಾಡಿತು. ಹತ್ತು ದಿನದಲ್ಲಿ ತಿಗಣೆ ಮಾಯವಾಯಿತು. ಎಲೆ ಅಂಗೈಯಗಲ ಬಂತು. ಹುಳಗಳು ಸರಸರ ಸದ್ದು ಮಾಡುತ್ತ ತಿಂದವು. ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರವನ್ನೂ ದಾಟಿದವು. ಮೈ ತಿಳಿಯಾಗಿ ಹಣ್ಣಾದವು. ಆಕೆ ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟಳು. ಗೂಡು ಕಟ್ಟಲೆಂದು ಹುಳ ಬಿಡುವ ಬಿದಿರಿನ ತಟ್ಟಿ ಅದು. ಹಣ್ಣಾದ ಹುಳ ಅದರ ಮೇಲೆ ತಲೆ ಎತ್ತಿ, ಅತ್ತಿತ್ತ ಆಡಿಸಿ, ನೂಲು ಬಿಡುತ್ತದೆ.

ಈ ಹುಳಗಳೂ ತಲೆ ಎತ್ತಿದವು. ಅತ್ತಿತ್ತ ಆಡಿಸಿದವು. ನೂಲು ಬರಲಿಲ್ಲ.

ಆಕೆ ಹೇಳಿಕಳಿಸಿದಾಗ ವಿನ್ಯಾಸಕಾರ ಹೋಗಿ ನೋಡಿದ. ಗೋಡೆಯುದ್ದಕ್ಕೂ ಚಂದ್ರಿಕೆಗಳು ಒರಗಿದ್ದವು. ಸಾವಿರಾರು ತಲೆಗಳು ಬರಿಗಾಳಿಯಲ್ಲಿ ಆಡುತ್ತಿದ್ದವು. ಒಂದು ಎಳೆಯೂ ಇರಲಿಲ್ಲ. ಅವು ಹಾಗೆ ಆಡುತ್ತ ಮೂರು ದಿನವಾಗಿತ್ತು.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ತಿಂದ್ವು, ಜ್ವರ ಎದ್ವು, ಹಣ್ಣಾದ್ವು,” ಎಂದಳು. “ನೂಲೋದೊಂದು ಮರ್ತ್‌ಬುಟ್ವು ಸಾಮಿ.”

ಆಮೇಲೆ ಆಕೆಗೆ ಏನೋ ನೆನಪಾಯಿತು. ಮುಖ ಅರಳಿತು.

“ಹೋಗ್ಲಿ ಬುಡಿ. ನಿಮ್ಮತ್ರ ಅವೆಯಲ್ಲ! ಬರೀ ಸೊಪ್ಪು ತಿಂದಿರೋ ಅರ್ಧ. ಗೂಡು ಕಟ್ಟಿದ್ವು ಅಂದ್ರಲ್ಲ, ಮೊಟ್ಟೆ ಇಟ್ಟು ಮರೀನೂ ಆಗಿರ್ತವೆ. ಒಂದು ಮೊರದಷ್ಟು ಕೊಡಿ, ಬೀಜ ಉಳ್ಕೊಳ್ತದೆ.”

ಅವನು ಚಂದ್ರಿಕೆಯನ್ನೇ ನೋಡುತ್ತ ನಿಂತ.

ಆಕೆ ದನಿ ತಗ್ಗಿಸಿ ಮತ್ತೆ ಕೇಳಿದಳು. “ಅವೆ ಅಲ್ವಾ?”

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳಲಿಲ್ಲ.

ಭಾರ್ಗವಿ ತಡೆಯಲಾಗದೆ, “ಅವನು ಏನು ಹೇಳಿದ ಸರ್?” ಎಂದಳು.

“ಇವೆ ಎಂದ. ನಾಳೆ ತರುತ್ತೇನೆ ಎಂದ.”

“ಆಮೇಲೆ?”

“ಆ ದಾರಿಯಲ್ಲಿ ಮತ್ತೆ ಹೋಗಲಿಲ್ಲ.”

ಅವಳು ತನ್ನ ಕಾಗದದ ಅಂಚನ್ನು ಮಡಿಸಿದಳು, ಬಿಡಿಸಿದಳು. ಕೇಳಿದ್ದರಲ್ಲಿ ಅರ್ಧವಾದರೂ ಸುಳ್ಳಾಗಿರಲಿ ಎಂದು ಅವಳಿಗೆ ಆಸೆಯಾಯಿತು. ಗುರುಗಳ ಕತೆಯ ಬಗ್ಗೆ ಅವಳಿಗೆ ಅಂಥ ಆಸೆ ಹುಟ್ಟಿದ್ದು ಅದೇ ಮೊದಲು.

“ಸಾಫ್ಟ್‌ವೇರ್ ಯಾಕೆ ಸರ್ ಸುಳ್ಳು ಹೇಳಿತು?”

“ಹೇಳಲಿಲ್ಲ. ಅಂದೇ ಜೊತೆಗೆ ತಂದಿದ್ದ ಹುಳಗಳ ಅಕ್ಷರ ಓದಿ ನೋಡಿದ ಮೇಲೆ ಗೊತ್ತಾಯಿತು. ನೂಲುವ ಜೀನಿನಲ್ಲಿ ಒಂದು ಕಡೆ ಬಿಳಿ ಹುಳಕ್ಕೆ ನಾಲ್ಕು ಅಕ್ಷರ ಬೇರೆ ಇದ್ದವು. ಹಳದಿಗೆ ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಕೂಡುತ್ತಿದ್ದವು. ಬಿಳಿ ಹುಳಕ್ಕೆ ಏನಾದರೂ ಆಗುತ್ತದೆಯೇ ಎಂದು ಅವನು ಕೇಳಿದ್ದ. ಇಲ್ಲ ಎಂದಿತು. ಆ ಕತೆಯಲ್ಲಿ ಸುಳ್ಳು ಹೇಳಿದವನು ಒಬ್ಬನೇ.”

ಮೂರು ಮುಕ್ಕಾಲಾಗಿತ್ತು. ಭಾರ್ಗವಿ ಕಾಗದವನ್ನು ಒಮ್ಮೆ ನೋಡಿದಳು, ಗಡಿಯಾರವನ್ನು ಒಮ್ಮೆ ನೋಡಿದಳು. ಮೂರು ವರ್ಷದ ಕೆಲಸ ಅದು. ಕಾಗದವನ್ನು ಇನ್ನೊಂದು ಸಲ ಗುರುಗಳ ಮುಂದೆ ಸರಿಸಿದಳು.

“ನನ್ನದು ಹಾಗಲ್ಲ ಸರ್. ನಾನು ಹನ್ನೊಂದನ್ನು ನೋಡಿದ್ದೇನೆ. ಹನ್ನೊಂದಕ್ಕೂ ಸೊನ್ನೆ.”

ಗುರುಗಳು ಮೇಜಿನ ಮೇಲಿನ ಎರಡು ಹಳದಿ ಗೂಡುಗಳನ್ನು ಎತ್ತಿಕೊಂಡರು. ಆ ಗಿಲಕಿಯ ಸದ್ದು ಅವಳಿಗೆ ಹೊಸದಲ್ಲ. ಮೂರು ವರ್ಷದಿಂದ ಕೇಳಿ ನಗುತ್ತ ಬಂದಿದ್ದಳು. ಅವರು ಗೂಡುಗಳನ್ನು ಅವಳ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

“ಕೇಳು, ನನ್ನ ಸೊನ್ನೆ ಹೀಗೆ ಸದ್ದು ಮಾಡುತ್ತದೆ.”