ಮೂರು ಹೊಟ್ಟೆಯ ಕೌದಿ

ಬಾ ಇಲ್ಲಿ ಕೂಸೇ, ಕಾಲು ಒಳಗೆ ಎಳ್ಕೋ, ಕೌದೀನ ಕುತ್ತಿಗೆ ತನಕ ಹೊದ್ಕೋ. ನಡುನಡುವೆ ಹೂಂ ಅಂತಿರಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ಲುತ್ತೆ, ಆಯ್ತಾ?

ಒಂದಾನೊಂದು ಕಾಲದಲ್ಲಿ, ಈ ಊರಲ್ಲಿ ನಮ್ಮೋರು ಅಂತ ಒಂದು ನರಪಿಳ್ಳೆಯೂ ಇಲ್ಲದ ಕಾಲದಲ್ಲಿ, ಗುಡ್ಡದ ಆಚೆ ಸೀಮೇಲಿ ಮೂರು ಜನ ಗೆಳತೀರಿದ್ರಂತೆ. ದೊಡ್ಡೋಳು ತಿಪ್ಪಕ್ಕ, ಮಾತು ಕಮ್ಮಿ, ಮೂಗಿನ ತುದೀಲೇ ಸಿಟ್ಟು. ನಡುವಿನೋಳು ಸಣ್ಣೀರಕ್ಕ, ಹೊಟ್ಟೆಬಾಕಿ, ಥೇಟ್ ನಿನ್ನಂಗೆ. ಕಿರಿಯೋಳು ಹಾಲಮ್ಮ, ಬಾಯಿ ತೆಗೆದ್ರೆ ಮುಚ್ಚೋಳೇ ಅಲ್ಲ. ಮೂವರನ್ನೂ ಬೇರೆ ಬೇರೆ ತಾಯಂದಿರು ಹೆತ್ತಿದ್ದು, ಕೇರಿಯೂ ಬೇರೆ ಬೇರೆ, ಆದ್ರೆ ಚಿಕ್ಕಂದಿನಿಂದ ಒಂದೇ ಜಗಲಿ ಮೇಲೆ ಕೂತು, ಹಳೇ ಸೀರೆಗಳನ್ನ ಪದರ ಪದರ ಹಾಸಿ ಕೌದಿ ಹೊಲೀತಿದ್ರಂತೆ.

ಹಿಂಗಿರುವಾಗ ಒಂದು ವರ್ಷ ಕೆರೆ ಏರಿ ಒಡೆದು ಮನೆಗಳೆಲ್ಲ ಕೊಚ್ಚಿಹೋದ್ವಂತೆ, ಜನ ದಿಕ್ಕಿಗೊಬ್ಬರಾಗಿ ಹೊರಟ್ರಂತೆ. ಮನೆ ಹೋದ್ರೆ ಹೋಗ್ಲಿ, ನಾವು ಮೂವರು ಮಾತ್ರ ಬೇರೆಯಾಗೋದು ಬೇಡ ಅಂತ ಇವರು ಸೂಜಿದಾರ, ಹಳೇ ಬಟ್ಟೆ ಗಂಟು ಕಟ್ಕೊಂಡು ನಡೆದ್ರಂತೆ. ನಡೆದು ನಡೆದು ಗುಡ್ಡ ಹತ್ತಿ ಇಳಿದ್ರೆ ಈ ಸೀಮೆಯ ಗಡಿ ಬಂತಂತೆ. ಅಲ್ಲೊಂದು ಆಳೆತ್ತರದ ಕಲ್ಲು, ಕಲ್ಲಿನ ಪಕ್ಕ ಕಟ್ಟೆ, ಕಟ್ಟೆ ಮೇಲೆ ಗಡಿ ಕಾಯೋ ಗೌಡ. ಅವನ ಮುಖಕ್ಕಿಂತ ಮೀಸೇನೇ ದೊಡ್ಡದಿತ್ತಂತೆ.

ನಮ್ಮ ಸೀಮೇಲಿ ಜಾಗ ಕೊಡೋದು ಮನೆತನಕ್ಕೆ, ಒಂದೇ ಮನೆಯೋರಾದ್ರೆ ಎಷ್ಟು ಜನ ಆದ್ರೂ ಬನ್ನಿ, ಬಿಡಿ ಜನಕ್ಕೆ ಜಾಗ ಇಲ್ಲ, ನೀವು ಒಬ್ಬರಿಗೊಬ್ಬರು ಏನಾಗ್ಬೇಕು ಅಂತ ಕೇಳಿದ್ನಂತೆ. ಹಾಲಮ್ಮ ಅಕ್ಕತಂಗೀರು ಅಂತ ಸುಳ್ಳು ಹೇಳೋಕೆ ಬಾಯಿ ತೆಗೆದ್ಲು. ತಿಪ್ಪಕ್ಕ ಅವಳ ತೊಡೆ ಚಿವುಟಿ, ಗೆಳತೀರು ಕಣಪ್ಪಾ, ಹಂಗಂತ ಹೇಳೋಕೆ ನಮಗೇನು ನಾಚಿಕೆ ಇಲ್ಲ ಅಂದ್ಲಂತೆ.

ಗೌಡ ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಗೆಳೆತನಾನೂ ಒಂದು ನಂಟಾ ಅಂದ್ನಂತೆ. ತಿಪ್ಪಕ್ಕ ಗಂಟು ಇಳಿಸಿ ಗಡಿಕಲ್ಲಿಗೆ ಬೆನ್ನು ಕೊಟ್ಟು ಕೂತು, ಪರೀಕ್ಷೆ ಮಾಡಿ ನೋಡು ಅಂದ್ಲಂತೆ. ಆಗ್ಲಿ, ಮೂರು ದಿನ ನೋಡ್ತೀನಿ, ಒಂದ್ರಲ್ಲಿ ಸೋತ್ರೂ ಮೂವರನ್ನ ಮೂರು ದಾರೀಲಿ ಅಟ್ತೀನಿ, ಮತ್ತೆ ಒಬ್ಬರ ಮುಖ ಒಬ್ಬರು ನೋಡಬಾರದು ಅಂದ್ನಂತೆ ಗೌಡ.

ಹೂಂ ಅನ್ನು. ಹಾಂ.

ಮೊದಲ್ನೇ ದಿನ ಒಬ್ಬೊಬ್ಬರನ್ನೇ ಕರೆದು, ನಿನಗೊಬ್ಬಳಿಗೆ ಮನೆ ಕೊಡ್ತೀನಿ, ಹಿತ್ತಲು ಕೊಡ್ತೀನಿ, ಕರೆಯೋ ಎಮ್ಮೆ ಕೊಡ್ತೀನಿ, ಅವರಿಬ್ಬರನ್ನ ಬಿಟ್ಟು ಬಾ ಅಂದ್ನಂತೆ. ತಿಪ್ಪಕ್ಕ ಒಂದು ಸಲ ನೋಡಿದ್ಲು ನೋಡು, ಗೌಡ ಲಗುಬಗೆಯಿಂದ ಮುಂದಿನೋಳನ್ನ ಕರೆದ. ಸಣ್ಣೀರಕ್ಕ ಮಾತ್ರ, ಎಮ್ಮೆ ಎಷ್ಟು ಹಾಲು ಕೊಡುತ್ತೆ ಅಂತ ಕೇಳಿದ್ಲಂತೆ! ಎರಡು ಚೊಂಬು ಅಂದ. ಅಷ್ಟು ಹಾಲು ಒಬ್ಬಳೇ ಕುಡಿದ್ರೆ ಗಂಟಲಲ್ಲಿ ಇಳಿಯುತ್ತಾ ಅಂತ ಎದ್ದು ಬಂದ್ಲಂತೆ. ಹಾಲಮ್ಮನ ಬೈಗುಳಕ್ಕೆ ಗೌಡ ಕಿವಿ ಮುಚ್ಕೊಂಡು ತಾನೇ ಆಚೆ ಹೋದ್ನಂತೆ.

ಆಮೇಲೆ ಎರಡನೇ ದಿನ ಬೆಳಿಗ್ಗೆ ಮೂವರನ್ನ ಕಟ್ಟೆ ಪಕ್ಕದ ತನ್ನ ಮನೇಲಿ ಮೂರು ಕೋಣೇಲಿ ಕೂರಿಸಿ, ಬಾಗಿಲು ಹಾಕಿ, ಇಡೀ ದಿನಕ್ಕೆ ಒಬ್ಬೊಬ್ಬರಿಗೆ ಒಂದೇ ರೊಟ್ಟಿ ಕೊಟ್ಟು, ಒಂದೊಂದು ತುಂಡು ಕೌದಿ ಹೊಲೀರಿ, ಮೂರೂ ಸೇರಿಸಿದ್ರೆ ಒಂದೇ ಕೈ ಹೊಲಿದಂಗೆ ಇರಬೇಕು ಅಂದ್ನಂತೆ. ಇವರು ಹೊಲಿದ್ರು. ಸಂಜೆ ಮೂರೂ ತುಂಡು ಪಕ್ಕಪಕ್ಕ ಹಾಸಿದ್ರೆ, ಬೆರಳಗಲಕ್ಕೊಂದು ಸಾಲು, ಒಂದು ಸಾಲಾದ್ರೂ ಸೊಟ್ಟ ಇಲ್ಲ, ಈ ತುಂಡಿನ ಹೊಲಿಗೆ ಆ ತುಂಡಿನೊಳಕ್ಕೆ ನೆಟ್ಟಗೆ ಹೋಗಿತ್ತಂತೆ. ಗೌಡ ಬಗ್ಗಿ ಬಗ್ಗಿ ಹುಡುಕಿದ್ರೂ ತಪ್ಪು ಸಿಗಲಿಲ್ಲ. ಮೂರನ್ನೂ ಸೇರಿಸಿ ಹೊಲಿಸಿದ್ನಂತೆ.

ಮೂರನೇ ದಿನದ ಪರೀಕ್ಷೆ ಗೌಡ ಇಟ್ಟಿದ್ದಲ್ಲ, ತಾನಾಗೇ ಬಂದು ಮೈಮೇಲೆ ಬಿತ್ತು. ಗೌಡ ಕೌದಿ ಮೇಲೆ ಕೈಯಾಡಿಸ್ತಾ ಇದ್ದಾಗ ಒಂದು ಮೂಲೇಲಿ ಏನೋ ಗಟ್ಟಿ ಸಿಕ್ತಂತೆ. ಇನ್ನೊಂದು ಮೂಲೇಲೂ ಸಿಕ್ತು. ನಡುವೆ ಅಂಚಿನಲ್ಲಿ ಮತ್ತೊಂದು. ಓಹೋ, ಗಡಿ ದಾಟಿಸೋಕೆ ಕಳ್ಳಮಾಲು ಬಚ್ಚಿಟ್ಟಿದ್ದೀರಾ, ಮೂವರೂ ಕಳ್ಳೀರು, ಮೂರು ದಾರಿ ಹಿಡೀರಿ ಅಂತ ಕೂಗಿ, ಸೂಜಿಯಿಂದ ಹೊಲಿಗೆ ಬಿಚ್ಚಿದ್ನಂತೆ.

ಒಳಗಿದ್ದಿದ್ದು ಏನು ಗೊತ್ತಾ? ರೊಟ್ಟಿ ಚೂರು!

ಅದೇನಂದ್ರೆ ಕೂಸೇ, ಕೌದಿ ಮುಗಿಸುವಾಗ ಕೊನೇ ಮೂಲೇಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಗೆ ಮುಚ್ಚೋದು ಇವರ ಪದ್ಧತಿ. ಹೊದ್ದೋರ ಹೊಟ್ಟೆ ಯಾವತ್ತೂ ಖಾಲಿ ಇರಬಾರದು ಅಂತ. ಒಂದು ಕೌದಿಗೆ ಒಂದೇ ಚೂರು. ಆದ್ರೆ ಬಾಗಿಲು ಹಾಕಿತ್ತಲ್ಲ, ಯಾರು ಇಡಬೇಕು ಅಂತ ಕೇಳೋ ಹಂಗಿಲ್ಲ, ಮೂವರೂ ಇಟ್ಟುಬಿಟ್ಟಿದ್ರಂತೆ. ಹಸಿದು ಕಣ್ಣು ಕತ್ತಲೆ ಬರ್ತಿದ್ದ ಸಣ್ಣೀರಕ್ಕನ ಚೂರೇ ಎಲ್ಲಕ್ಕಿಂತ ದೊಡ್ಡದಿತ್ತಂತೆ. ಅದನ್ನ ನೋಡಿ ತಿಪ್ಪಕ್ಕನ ಸಿಟ್ಟೆಲ್ಲ ಕರಗಿ ಗಳಗಳ ಅತ್ತುಬಿಟ್ಲಂತೆ.

ಹಾಲಮ್ಮ ಈ ಪದ್ಧತೀನ ಗೌಡನಿಗೆ ಜೋರಾಗಿ ಹೇಳೋದು ಕೇಳಿ, ಒಳಗಿಂದ ಗೌಡನ ತಾಯಿ ಕೋಲೂರಿಕೊಂಡು ಬಂದ್ಲಂತೆ. ಮೂರೂ ಚೂರನ್ನ ಅಂಗೈಲಿ ಇಟ್ಕೊಂಡು ನೋಡಿ, ಮಗನಿಗೆ ಹೇಳಿದ್ಲಂತೆ: ಲೋ, ಇದನ್ನ ಯಾರು ಹೊದೀತಾರೆ ಅಂತ ಇವರಿಗೆ ಗೊತ್ತಿತ್ತೇನೋ? ಮೂರು ಬಾಗಿಲ ಹಿಂದೆ ಕೂತು, ಒಬ್ಬರನ್ನೊಬ್ಬರು ಕೇಳದೆ, ಇದ್ದ ಒಂದು ರೊಟ್ಟೀಲಿ ಗುರುತಿಲ್ಲದೋರಿಗೆ ಪಾಲು ಎತ್ತಿಟ್ಟಿದ್ದಾರೆ. ನೀನೂ ನಿನ್ನ ತಮ್ಮನೂ ಒಂದೇ ಹೊಟ್ಟೇಲಿ ಹುಟ್ಟಿದೋರು, ಹಿಂಗೆ ಮಾಡ್ತಿದ್ರೇನು? ಇವರು ಒಂದೇ ಮನೆಯೋರಲ್ಲ ಅಂದ್ರೆ ಇನ್ಯಾರೋ?

ಗೌಡ ಮೀಸೆ ಇಳಿಬಿಟ್ಕೊಂಡು, ಬಿಚ್ಚಿದ ಹೊಲಿಗೇನ ತಾನೇ ಹಾಕೋಕೆ ಕೂತ್ನಂತೆ, ಬೆರಳಿಗೆ ಸೂಜಿ ಚುಚ್ಕೊಂಡ್ನಂತೆ, ಹಾಲಮ್ಮ ಹಲ್ಲು ಬಿಟ್ಕೊಂಡು ನಕ್ಲಂತೆ. ಆ ಕೌದಿ ಮುದುಕಮ್ಮನಿಗೇ ಆಯ್ತು. ಗೆಳತೀರು ತಲೆ ಎತ್ಕೊಂಡು ಗಡಿಕಲ್ಲು ದಾಟಿ ಬಂದು, ಈ ಊರಲ್ಲಿ ಮೂರು ಬಾಗಿಲಿಗೆ ಒಂದೇ ಜಗಲಿ ಕಟ್ಟಿಸ್ಕೊಂಡು, ಮದುವೆಯಾಗಿ, ಮಕ್ಕಳನ್ನ ಹೆತ್ತು ಬಾಳಿದ್ರಂತೆ.

ಯಾವ ಜಗಲೀನಾ? ನೀನು ಬೆಳಿಗ್ಗೆ ಕೂತು ಹಲ್ಲುಜ್ಜಿದ್ಯಲ್ಲ, ಅದೇ.

ಅವರಲ್ಲಿ ನಾವು ಯಾರ ಕಡೆಯೋರು ಅಂತೀಯಾ? ನಮ್ಮಜ್ಜೀನ ನಾನೂ ಇದನ್ನೇ ಕೇಳಿದ್ದೆ. ಮೂರೂ ಜನರ ಕಡೆಯೋರು ಅಂತ ಎದೆ ತಟ್ಟಿ ಹೇಳಿದ್ಲು. ನೀನೂ ಹಂಗೇ ಹೇಳು.

ಎಲ್ಲಿ, ಕೌದಿ ಮೂಲೆ ಮುಟ್ಟಿ ನೋಡು. ಗಟ್ಟಿಯಾಗಿ ಸಿಕ್ತಾ? ಅದು ನಾನಿಟ್ಟಿದ್ದು. ನಿನ್ನ ಹೊಟ್ಟೆ ತುಂಬಿತು, ನನ್ನ ಕತೆ ಮುಗೀತು. ಇನ್ನು ಮಲ್ಕೋ.